ಎಂಟು ಗಂಟೆಯವರಿಗೆ ಉಳಿದ ಪದ

ಲಕ್ವ ಹೊಡೆದ ನಾಲ್ಕನೆಯ ದಿನ ಅವರು ಬಾಯಿ ಬಿಟ್ಟರು. ಆಸ್ಪತ್ರೆಯಲ್ಲಿ ಬೆಳಗಿನ ಹೊತ್ತು. ನರ್ಸ್ ಅವರನ್ನು ಎಡಮಗ್ಗುಲಿಗೆ ಹೊರಳಿಸಿ ಬೆನ್ನಡಿಯ ಚಾದರ ಎಳೆಯುತ್ತಿದ್ದಳು. ಮೂರು ದಿನ ಮುಚ್ಚಿದ್ದ ಬಾಯಿಂದ, ತೊದಲಿಲ್ಲದೆ, ಒಂದು ಪದ ಹೊರಬಿತ್ತು.

“ಮುಂಡೆ.”

ನರ್ಸ್ ಚಾದರ ಕೈಬಿಟ್ಟಳು. ಬೈಗುಳ ಅವಳಿಗೆ ಹೊಸದಲ್ಲ, ನೋವು ತಿನ್ನುವವರ ಬಾಯಲ್ಲಿ ದಿನಕ್ಕೆ ಹತ್ತು ಕೇಳುತ್ತಿದ್ದಳು. ಅವಳನ್ನು ಬೆಚ್ಚಿಬೀಳಿಸಿದ್ದು ಆ ದನಿ. ಚಿಕ್ಕಂದಿನಲ್ಲಿ ಅವಳ ಮನೆಯಲ್ಲಿ ಆ ದನಿ ಕೇಳಿಸಿದ ಮೇಲೆಯೇ ಊಟಕ್ಕೆ ತಟ್ಟೆ ಹಾಕುತ್ತಿದ್ದರು. ಮೂವತ್ತೊಂದು ವರ್ಷ ಟಿ.ವಿ.ಯಲ್ಲಿ ಎಂಟರ ವಾರ್ತೆ ಓದಿದ ದನಿ ಅದು. ಊರವರು ಅವರ ಹೆಸರು ಮರೆತು ‘ಎಂಟು ಗಂಟೆಯವರು’ ಅನ್ನುತ್ತಿದ್ದರು. ಗಡಿಯಾರ ಕೆಟ್ಟವರು ಅವರ ನಮಸ್ಕಾರ ಕೇಳಿ ಮುಳ್ಳು ಸರಿಮಾಡಿಕೊಳ್ಳುತ್ತಿದ್ದರು. ಅವರ ಬಾಯಲ್ಲಿ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾದದ್ದನ್ನು ಕೇಳಿದವರಿಲ್ಲ. ಶಾಲೆಗಳಲ್ಲಿ ಮೇಷ್ಟರು “ಎಂಟು ಗಂಟೆಯವರ ಹಾಗೆ ಓದೋ” ಎಂದು ಮಕ್ಕಳ ತಲೆ ಕುಟ್ಟುತ್ತಿದ್ದರು.

“ಯಾರಿಗಂದ್ರು ಇವರು?” ಎಂದಳು ನರ್ಸ್.

ಕಿಟಕಿಯ ಬಳಿ ಬಾಟಲಿಗೆ ನೀರು ತುಂಬುತ್ತಿದ್ದ ಅವರ ಹೆಂಡತಿ ತಿರುಗಿ ನೋಡಲಿಲ್ಲ. “ನನಗೆ,” ಎಂದಳು. “ನೀವು ಬೇಜಾರ್ ಮಾಡ್ಕೋಬೇಡಿ.”

ಮಾತು ಕಲಿಸುವ ಡಾಕ್ಟರು ಮಧ್ಯಾಹ್ನ ಬಂದಳು. ಚಿಕ್ಕ ವಯಸ್ಸಿನವಳು, ಕೈಯಲ್ಲಿ ಚಿತ್ರದ ಕಾರ್ಡುಗಳ ಕಟ್ಟು. ಲೋಟದ ಚಿತ್ರ ತೋರಿಸಿ “ಇದೇನು ಸರ್?” ಎಂದಳು. ಅವರು ಗಮನವಿಟ್ಟು ನೋಡಿ “ಮುಂಡೆ” ಎಂದರು. ಬೀಗದಕೈ ತೋರಿಸಿದಳು. “ಮುಂಡೆ.” ಗಡಿಯಾರದ ಚಿತ್ರಕ್ಕೆ ಅವರು ಬಹಳ ಹೊತ್ತು ಹೆಣಗಿದರು. ತುಟಿ ಕೂಡಿಸಿದರು, ಬಿಡಿಸಿದರು, ಹಣೆಯಲ್ಲಿ ಬೆವರು ಬಂತು. ಕೊನೆಗೆ ಅದೇ ಪದ ಬಂದಾಗ ಕಣ್ಣಲ್ಲಿ ನೀರು ತುಂಬಿಕೊಂಡರು.

ಡಾಕ್ಟರು ತಾಯಿ ಮಗಳಿಬ್ಬರನ್ನೂ ಹೊರಗಿನ ಓಣಿಗೆ ಕರೆದುಕೊಂಡು ಹೋದಳು. ಮಗಳು ಆಗಷ್ಟೇ ಕನ್ನಡಕದ ಅಂಗಡಿಯ ಕೆಲಸ ಬಿಟ್ಟು ಓಡಿ ಬಂದಿದ್ದಳು.

“ಅಮ್ಮಾ, ಇದನ್ನ ಮನಸ್ಸಿಗೆ ಹಚ್ಕೋಬೇಡಿ,” ಎಂದಳು ಡಾಕ್ಟರು. “ಮಿದುಳಲ್ಲಿ ಮಾತು ಕಟ್ಟೋ ಜಾಗಕ್ಕೇ ಏಟು ಬಿದ್ದಿದೆ. ಯೋಚ್ನೆ ಮಾಡಿ ಆಡೋ ಮಾತು ಹೋಗಿಬಿಡುತ್ತೆ, ಯೋಚ್ನೆ ಇಲ್ದೆ ಬರೋ ಒಂದೆರಡು ಪದ ಉಳ್ಕೊಳ್ಳುತ್ತೆ. ಕೆಲವರಿಗೆ ‘ಅಯ್ಯೋ’ ಉಳಿಯುತ್ತೆ, ಕೆಲವರಿಗೆ ಒಂದು ಎರಡು ಮೂರು, ಕೆಲವರಿಗೆ ಬೈಗುಳ. ಜನ್ಮದಲ್ಲಿ ಯಾರಿಗೂ ಬೈದೇ ಇರೋರ ಬಾಯಲ್ಲೂ ಬಂದದ್ದನ್ನ ನಾನೇ ಕೇಳಿದೀನಿ. ಇದು ಅವರ ಮಾತಲ್ಲ, ಕಾಯಿಲೆ ಮಾತು.”

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಡಾಕ್ಟರಿಗೆ ಇಬ್ಬರೂ ಥ್ಯಾಂಕ್ಸ್ ಹೇಳಿದರು. ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ತಾಯಿ ಕಿಟಕಿಯ ಹೊರಗೆ ನೋಡುತ್ತಲೇ, “ಕಾಯಿಲೆ ಈಗ ಬಂತಂತೆ,” ಎಂದಳು.

“ಅಮ್ಮಾ, ಬಸ್ಸಲ್ಲಿ ಬೇಡ,” ಎಂದಳು ಮಗಳು.

ಎಂಟು ಗಂಟೆಯವರು ಹೆಂಡತಿಯ ಮೇಲೆ ಒಂದು ದಿನವೂ ಕೈಯೆತ್ತಿದವರಲ್ಲ. ಕುಡಿಯುತ್ತಿರಲಿಲ್ಲ. ವಾರ್ತೆ ಮುಗಿಸಿ ಒಂಬತ್ತೂಕಾಲಿಗೆ ಮನೆಗೆ ಬಂದು, ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬೂಟಿನ ಲೇಸು ಬಿಚ್ಚುವಾಗ ಶುರುವಾಗುತ್ತಿತ್ತು. ಸಾರಿಗೆ ಉಪ್ಪು ಕಡಿಮೆ, ಅದಕ್ಕೆ. ಉಪ್ಪು ಸರಿಯಿದ್ದರೆ, ದೀಪ ಆರಿಸದೆ ಬಿಟ್ಟದ್ದಕ್ಕೆ. ಏನೂ ಇಲ್ಲದಿದ್ದರೆ ಅವಳು ನಿಂತಿರುವ ರೀತಿಗೆ. ದನಿ ಏರುತ್ತಿರಲಿಲ್ಲ, ಪಕ್ಕದ ಮನೆಗೆ ಕೇಳಿಸುತ್ತಿರಲಿಲ್ಲ. ಸಾವಿನ ಸುದ್ದಿ, ಬೆಲೆ ಏರಿಕೆ, ಹವಾಮಾನ ಓದುವ ಅದೇ ಹದದಲ್ಲಿ, ಅದೇ ನಿಲುಗಡೆಗಳೊಂದಿಗೆ ಆ ಮಾತುಗಳು ಬರುತ್ತಿದ್ದವು. ‘ಮುಂಡೆ’ ಅವುಗಳಲ್ಲಿ ತೀರ ಕೆಟ್ಟದ್ದೇನೂ ಆಗಿರಲಿಲ್ಲ. ಅದನ್ನು ಅವಳ ಹೆಸರಿಗೆ ಬದಲಾಗಿ ಬಳಸುತ್ತಿದ್ದರು. ಮದುವೆಯಾದ ಹೊಸದರಲ್ಲಿ, ಗಂಡ ಎದುರಿಗೆ ಕೂತಿರುವಾಗಲೇ ಗಂಡ ಸತ್ತವಳು ಅನ್ನಿಸಿಕೊಳ್ಳುವುದು ಅವಳಿಗೆ ವಿಚಿತ್ರವೆನಿಸುತ್ತಿತ್ತು. ಆಮೇಲೆ ಅರ್ಥ ಹಿಂದೆ ಸರಿದು ಸದ್ದು ಮಾತ್ರ ಉಳಿಯಿತು. ಆ ಸದ್ದಿಗೆ ಅವಳು “ಬಂದೆ” ಎನ್ನುತ್ತಿದ್ದಳು.

ಆಕೆ ಮನೆಯಲ್ಲೇ ಪರದೆ ಹೊಲಿಯುತ್ತಿದ್ದಳು. ಕಿಟಕಿ, ಬಾಗಿಲು, ಹೋಟೆಲಿನ ಹಾಲ್, ಒಮ್ಮೆ ಟಿ.ವಿ. ಸ್ಟುಡಿಯೋದ ಹಿನ್ನೆಲೆಗೂ ನೀಲಿ ಪರದೆ ಹೊಲಿದು ಕೊಟ್ಟಿದ್ದಳು. ಮೊದಲ ಕೆಲವು ವರ್ಷ ಅವಳೇ ಅವರ ಪರವಾಗಿ ಸಮಾಧಾನ ಹುಡುಕುತ್ತಿದ್ದಳು. ಇಡೀ ದಿನ ನಾಲಿಗೆ ಬಿಗಿಹಿಡಿದಿರುತ್ತಾರೆ, ಮನೆಯಲ್ಲಾದರೂ ಸಡಿಲ ಬಿಡಬೇಡವೇ. ಒಮ್ಮೆ ತಡೆಯಲಾರದೆ ಗಂಡನ ಅಕ್ಕನ ಹತ್ತಿರ ಹೇಳಿಕೊಂಡಳು. ಅಕ್ಕ ಗಲ್ಲದ ಮೇಲೆ ಕೈಯಿಟ್ಟುಕೊಂಡು, “ಅವನ ಬಾಯಲ್ಲಿ ಅಂಥ ಮಾತಾ? ಕಿವಿ ತೊಳ್ಕೊಂಡು ಬಾ ಹೋಗು. ಹೊಡೀತಾನಾ? ಇಲ್ಲ ತಾನೆ?” ಎಂದಿದ್ದಳು. ಮತ್ತೆ ಯಾರ ಹತ್ತಿರವೂ ಆಕೆ ಬಾಯಿಬಿಡಲಿಲ್ಲ.

ಮಗಳಿಗೆ ಹತ್ತು ವರ್ಷವಾಗಿದ್ದಾಗ ಟಿ.ವಿ.ಯವರು ಒಂದು ಸಮಿತಿ ಮಾಡಿದರು. ಸಂಜೆ ಏಳರಿಂದ ಹತ್ತರವರೆಗೆ, ಮನೆಮಂದಿಯೆಲ್ಲ ಟಿ.ವಿ. ಮುಂದೆ ಕೂರುವ ಹೊತ್ತಿನಲ್ಲಿ, ಯಾವ ಪದಗಳು ಬರಬಾರದು ಎಂದು ಪಟ್ಟಿ ಮಾಡುವ ಕೆಲಸ. ಅಧ್ಯಕ್ಷರು ಬೇರೆ ಯಾರಾದಾರು? ಎಂಟು ಗಂಟೆಯವರು ಊಟದ ಮೇಜಿನ ಮೇಲೆ ಕಾಗದ ಹರಡಿಕೊಂಡು ಒಂದು ವಾರ ಬರೆದರು. ಪಟ್ಟಿಯಲ್ಲಿ ನೂರ ಹದಿನಾಲ್ಕು ಪದಗಳಾದವು. ಅದರಲ್ಲಿ ಎಷ್ಟನ್ನು ಹೊರಗೆ ಕೇಳಿ ತಿಳಿದುಕೊಂಡರೋ ಗೊತ್ತಿಲ್ಲ, ತೊಂಬತ್ತಾದರೂ ಆ ಮನೆಯ ಗೋಡೆಗಳಿಗೆ ಮೊದಲೇ ಪರಿಚಯವಿದ್ದವು. ಪಕ್ಕದಲ್ಲಿ ಮನೆಲೆಕ್ಕ ಮಾಡುತ್ತಿದ್ದ ಮಗಳು ಇಣುಕಿ ನೋಡಿ, “ಅಪ್ಪಾ, ಇದನ್ನ ಬಿಟ್ಟಿದೀರಿ,” ಎಂದು ಒಂದು ಪದ ನೆನಪಿಸಿದಳು. ಅಪ್ಪ ಸುಮ್ಮನೆ ಅದನ್ನೂ ಬರೆದುಕೊಂಡರು. ಆ ಪಟ್ಟಿ ಇಪ್ಪತ್ತನಾಲ್ಕು ವರ್ಷದಿಂದ ಜಾರಿಯಲ್ಲಿತ್ತು.

ಮೂರು ವಾರದ ಮೇಲೆ ಅವರನ್ನು ಮನೆಗೆ ಕರೆತಂದರು. ಬಲಗೈ ಬಲಗಾಲು ಬಿದ್ದುಹೋಗಿದ್ದವು. ತಿಳಿವಳಿಕೆ ಚೆನ್ನಾಗಿಯೇ ಇತ್ತು. ಪೇಪರ್ ಕೊಟ್ಟರೆ ಕಣ್ಣಾಡಿಸುತ್ತಿದ್ದರು, ಹೊರಗೆ ಸ್ಕೂಟರು ನಿಂತರೆ ಯಾರೆಂದು ಬಾಗಿಲ ಕಡೆ ನೋಡುತ್ತಿದ್ದರು. ಬೇಕಾದದ್ದಕ್ಕೆಲ್ಲ ಅದೊಂದೇ ಪದ. ಹಸಿವಿಗೆ ಒಂದು ರಾಗ, ನೋವಿಗೆ ಒಂದು ರಾಗ. ಮೂತ್ರಕ್ಕೆ ಅವಸರವಾದಾಗ ಅದು ತುಂಡುತುಂಡಾಗಿ ಬರುತ್ತಿತ್ತು. ಮಧ್ಯಾಹ್ನ ನಿದ್ದೆಯಿಂದೆದ್ದು ಕೋಣೆಯಲ್ಲಿ ಯಾರೂ ಕಾಣದಿದ್ದರೆ ಮೆಲ್ಲಗೆ, ಹೆದರಿದವರ ಹಾಗೆ, “ಮುಂಡೆ? ಮುಂಡೆ?” ಎಂದು ಕರೆಯುತ್ತಿದ್ದರು. ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಆ ಪದದೊಳಗೆ ಅಷ್ಟು ಮೃದುತನವನ್ನು ಆಕೆ ಕೇಳಿರಲಿಲ್ಲ. ಕೇಳಿದಾಗ ಮೈ ಉರಿಯುತ್ತಿತ್ತು. ಬೈದರೆ ಸಹಿಸುವುದು ಅಭ್ಯಾಸವಾಗಿತ್ತು, ಇದಕ್ಕೆ ಏನು ಮಾಡಬೇಕೆಂದು ತೋಚುತ್ತಿರಲಿಲ್ಲ.

ನೋಡಲು ಬಂದವರೆಲ್ಲ ಅತ್ತರು. “ಎಂಥ ಬಾಯಿ, ಎಂಥ ಗತಿ,” ಎಂದರು. “ಅದು ಅವರ ಮಾತಲ್ಲ, ಕಾಯಿಲೆ ಮಾತು,” ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು. ಗಂಡನ ಅಕ್ಕ ಫೋನಿನಲ್ಲಿ ಅದನ್ನೇ ಹೇಳಿ ಬಿಕ್ಕಿದಳು. ಹೆಂಡತಿ ಎಲ್ಲರಿಗೂ ಕಾಫಿ ಕೊಟ್ಟಳು.

ಟಿ.ವಿ.ಯ ಕಾರ್ಯಕ್ರಮಗಳ ಮುಖ್ಯಸ್ಥೆ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಒಂದು ಕಾಲದಲ್ಲಿ ಎಂಟು ಗಂಟೆಯವರ ಕೈಕೆಳಗೆ ಸುದ್ದಿ ತಿದ್ದಿ ಕೊಡುತ್ತಿದ್ದವಳು, ಈಗ ಐವತ್ತು ದಾಟಿದ ದೊಡ್ಡ ಅಧಿಕಾರಿ. ಹಣ್ಣಿನ ಬುಟ್ಟಿ ತಂದಿದ್ದಳು. ಮಗಳೂ ಅಂದು ಮನೆಯಲ್ಲಿದ್ದಳು.

ವಿಷಯ ಇಷ್ಟು. ಆ ಹಳೆಯ ಪಟ್ಟಿಯನ್ನು ತೆಗೆದುಹಾಕಬೇಕೆಂದು ಧಾರಾವಾಹಿ ಬರೆಯುವವರು ಗಲಾಟೆ ಮಾಡುತ್ತಿದ್ದರು. ತೆಗೆಯಕೂಡದೆಂದು ಶಾಲೆಯವರು, ಹೆತ್ತವರು. ‘ಮನೆಮಂದಿಯ ಹೊತ್ತಿನಲ್ಲಿ ಬೈಗುಳ ಬೇಕೆ?’ ಎಂದು ಎಂಟು ಗಂಟೆಗೆ ನೇರಪ್ರಸಾರದ ಚರ್ಚೆ ಇಟ್ಟುಕೊಂಡಿದ್ದರು. ಕೊನೆಯಲ್ಲಿ ಎಂಟು ಗಂಟೆಯವರಿಗೆ ಸನ್ಮಾನ.

“ಅವರು ಏನೂ ಮಾತಾಡ್ಬೇಕಾಗಿಲ್ಲ ಅಮ್ಮಾ. ಬಂದು ಕೂತ್ರೆ ಸಾಕು. ಅವರ ಮುಖ ಕಂಡ್ರೇ ಜನಕ್ಕೆ ಗೊತ್ತಾಗುತ್ತೆ, ಶುದ್ಧ ಭಾಷೆ ಅಂದ್ರೆ ಏನು ಅಂತ.” ಆಮೇಲೆ ಗಾಲಿಕುರ್ಚಿಯ ಮುಂದೆ ಬಗ್ಗಿ, “ಗುರುಗಳೇ, ನಾನು. ಗುರುತು ಸಿಕ್ತಾ?” ಎಂದಳು.

ಗುರುತು ಸಿಕ್ಕಿತು. ಅವರ ಮುಖ ಅರಳಿತು. “ಮುಂಡೆ!” ಎಂದರು.

ಮುಖ್ಯಸ್ಥೆಗೆ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ. ಅವಳ ಮುಖದ ಬಣ್ಣ ಇಳಿಯಿತು. ಮಗಳು ಡಾಕ್ಟರು ಹೇಳಿದ್ದನ್ನು ಒಪ್ಪಿಸಿದಳು. ಮುಖ್ಯಸ್ಥೆ ಸೋಫಾದಲ್ಲಿ ಕುಸಿದು ಕೂತು ಕಣ್ಣೊರೆಸಿಕೊಂಡಳು. ಕಣ್ಣೊರೆಸಿಕೊಂಡ ಕರ್ಚೀಫು ಮಡಿಲಿಗೆ ಬರುವಷ್ಟರಲ್ಲಿ ಅವಳ ತಲೆಯೊಳಗೆ ಬೇರೇನೋ ಓಡತೊಡಗಿದ್ದು ಮುಖದಲ್ಲೇ ಕಾಣುತ್ತಿತ್ತು.

“ಹಾಗೇ ಬರ್ಲಿ,” ಎಂದಳು ನಿಧಾನವಾಗಿ. “ಮುಚ್ಚಿಡೋದು ಯಾಕೆ? ಪದಗಳ ಪಟ್ಟಿ ಮಾಡಿದ ಮನುಷ್ಯನಿಗೇ ಇಂಥದ್ದಾಗಿದೆ. ಜನ ನೋಡ್ಲಿ. ಬೇರೆ ಯಾರಾದ್ರೂ ಆಡಿದ್ರೆ ಕುಂಯ್ ಅಂತ ಸದ್ದು ಹಾಕಿ ಮುಚ್ತೀವಿ, ಅದಕ್ಕಂತಲೇ ಒಬ್ಬರು ಕೂತಿರ್ತಾರೆ. ನೇರಪ್ರಸಾರ ಅಂದ್ರೂ ಏಳು ಸೆಕೆಂಡ್ ತಡವಾಗಿ ಹೋಗೋದು. ಆದ್ರೆ ಗುರುಗಳ ಮಾತಿಗೆ ಹಾಕಲ್ಲ. ಅದು ನನ್ನ ಜವಾಬ್ದಾರಿ.”

“ಬೇಡ,” ಎಂದಳು ಮಗಳು. “ಅಪ್ಪನ್ನ ಪ್ರದರ್ಶನಕ್ಕೆ ಇಡೋದು ಬೇಡ.”

“ಬರ್ತಾರೆ,” ಎಂದಳು ತಾಯಿ.

ಮುಖ್ಯಸ್ಥೆ ಹೋದ ಮೇಲೆ ಮಗಳು ಅಡುಗೆಮನೆಯಲ್ಲಿ ಅಮ್ಮನನ್ನು ಹಿಡಿದು ನಿಲ್ಲಿಸಿದಳು. “ನಿನಗೇನು ತಲೆ ಕೆಟ್ಟಿದೆಯಾ? ಜನ ಏನಂದ್ಕೋತಾರೆ?”

“ಏನಂದ್ಕೋತಾರೋ ಅಂದ್ಕೊಳ್ಳಲಿ. ಒಂದ್ಸಲ ಹೊರಗಿನೋರ ಕಿವಿಗೂ ಬೀಳ್ಲಿ.”

“ಕಾಯಿಲೆ ಅಂತಾರೆ ಅಮ್ಮಾ.”

“ನಾನಿರ್ತೀನಲ್ಲ ಪಕ್ಕದಲ್ಲಿ,” ಎಂದಳು ತಾಯಿ.

ಮಗಳು ಸ್ಟುಡಿಯೋಗೆ ಹೋಗಲಿಲ್ಲ. ಆ ದಿನ ಅಪ್ಪನಿಗೆ ಬಿಳಿ ಶರ್ಟು ತೊಡಿಸಿ, ತಲೆ ಬಾಚಿ, ಟಿ.ವಿ.ಯವರ ಕಾರಿಗೆ ಹತ್ತಿಸಿ ಬಂದು ಬಾಗಿಲು ಹಾಕಿಕೊಂಡಳು. ಎಂಟಕ್ಕೆ ಟಿ.ವಿ. ಹಾಕಿದಳು.

ಚರ್ಚೆಗೆ ಇಬ್ಬರು ಕೂತಿದ್ದರು. ಧಾರಾವಾಹಿ ಬರೆಯುವವನೊಬ್ಬ, ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬಳು. ನಡೆಸಿಕೊಡುವವನು ತರುಣ, ಕನ್ನಡಿಯ ಹಾಗೆ ಹೊಳೆಯುವ ಬೂಟು ಹಾಕಿದ್ದ.

“ನನ್ನ ಕತೇಲಿ ಒಬ್ಬ ಕುಡುಕ ಹೆಂಡತೀನ ಮೆಟ್ಟಿಲಿಂದ ತಳ್ತಾನೆ,” ಎಂದ ಬರೆಯುವವನು. “ಅದನ್ನ ತೋರಿಸಬಹುದು, ಎರಡೆರಡು ಸಲ ನಿಧಾನಗತೀಲಿ ತೋರಿಸಬಹುದು. ಆದ್ರೆ ತಳ್ಳುವಾಗ ಅವನು ‘ನೀನು ತುಂಬಾ ತಪ್ಪು ಮಾಡಿದೆ’ ಅನ್ಬೇಕು. ಯಾವ ಮನೇಲಿ ಸ್ವಾಮಿ ಹಾಗೆ ಮಾತಾಡ್ತಾರೆ?”

“ಮಕ್ಕಳು ಕೇಳಿದ್ದನ್ನ ಕಲೀತಾರೆ,” ಎಂದಳು ಮುಖ್ಯೋಪಾಧ್ಯಾಯಿನಿ. “ನನ್ನ ಶಾಲೇಲಿ ಆರು ವರ್ಷದ ಹುಡುಗಿ ಬೊಂಬೆಗೆ ಏನೇನು ಬೈತಾಳೆ ಅಂತ ನಾನಿಲ್ಲಿ ಹೇಳಕ್ಕಾಗಲ್ಲ. ಅದೆಲ್ಲ ಎಲ್ಲಿಂದ ಬಂತು?”

“ಟಿ.ವಿ.ಯಿಂದಂತೂ ಅಲ್ಲವಲ್ಲ? ನಮ್ಮಲ್ಲಿ ಪಟ್ಟಿ ಇದೆ.”

ಜನ ನಕ್ಕರು. ಮಗಳಿಗೆ ಇಬ್ಬರ ಮಾತೂ ಸರಿ ಅನ್ನಿಸಿತು. ಇಬ್ಬರ ಮೇಲೂ ಸಿಟ್ಟು ಬಂತು.

ಕೊನೆಯ ಹತ್ತು ನಿಮಿಷಕ್ಕೆ ಅವರನ್ನು ಕರೆತಂದರು. ಗಾಲಿಕುರ್ಚಿ ತಳ್ಳಿಕೊಂಡು ಬಂದವರು ಟಿ.ವಿ.ಯವರು, ಹೆಂಡತಿ ಎರಡು ಹೆಜ್ಜೆ ಹಿಂದೆ. ಜನ ಎದ್ದು ನಿಂತರು. ಚಪ್ಪಾಳೆ, ಕಣ್ಣು ಕುಕ್ಕುವ ದೀಪ. ಮೂವತ್ತೊಂದು ವರ್ಷ ಆ ದೀಪಗಳ ಕೆಳಗೆ ಕೂತವರು ಈಗ ಅವುಗಳಿಗೆ ಹೆದರಿದರು. ಎಡಗೈಯಿಂದ ಕಣ್ಣು ಮರೆಮಾಡಿಕೊಂಡು ಅತ್ತಿತ್ತ ಹುಡುಕಿದರು. ಆಕೆಯನ್ನು ದೀಪದಾಚೆ ಕತ್ತಲಲ್ಲಿ ನಿಲ್ಲಿಸಿದ್ದರು.

“ಮುಂಡೆ,” ಎಂದರು.

ನಡೆಸಿಕೊಡುವವನು ನೆಲಕ್ಕೆ ಮಂಡಿಯೂರಿದ. ಕ್ಯಾಮೆರಾ ಅವನ ತುಂಬಿದ ಕಣ್ಣಿನ ಹತ್ತಿರ ಹೋಯಿತು. “ವೀಕ್ಷಕರೇ,” ಎಂದ ಗದ್ಗದಿತನಾಗಿ, “ಒಂದೇ ಒಂದು ಕೆಟ್ಟ ಮಾತನ್ನೂ ಆಡದ ನಾಲಿಗೆ ಇದು. ಕಾಯಿಲೆ ಆ ನಾಲಿಗೆಯಿಂದ ಎಲ್ಲವನ್ನೂ ಕಿತ್ತುಕೊಂಡು ಏನು ಬಿಟ್ಟುಹೋಯಿತು ನೋಡಿ. ಇದು ಅವರ ಮಾತಲ್ಲ.”

“ಮುಂಡೆ! ಮುಂಡೆ!” ಅವರ ದನಿ ಏರಿತು. ಮುಂದಿನ ಸಾಲಿನಲ್ಲಿ ಒಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಆಮೇಲೆ ಅವರು ಹೆಂಡತಿಯನ್ನು ಕಂಡರು, ಕೈ ಚಾಚಿದರು. ಕ್ಯಾಮೆರಾ ತಿರುಗಿ ಆಕೆಯನ್ನು ಹಿಡಿಯಿತು.

“ಅಮ್ಮಾ, ಅವರು ಏನೋ ಹೇಳ್ಬೇಕು ಅಂತಿದಾರೆ,” ಎಂದ ನಡೆಸಿಕೊಡುವವನು ಮೈಕು ಅವಳ ಮುಂದೆ ಹಿಡಿದು. “ನಿಮಗೆ ಮಾತ್ರ ಅರ್ಥ ಆಗುತ್ತೆ. ಏನು ಹೇಳ್ತಿದಾರೆ, ನಮಗೂ ಹೇಳಿ.”

ಮಗಳು ಟಿ.ವಿ.ಯ ಹತ್ತಿರ ಹೋಗಿ ಕೂತಳು. ಅಮ್ಮನ ಮುಖದಲ್ಲಿ ಅಳುವಿರಲಿಲ್ಲ, ಸಿಟ್ಟಿರಲಿಲ್ಲ. ಬಟ್ಟೆಯ ಅಳತೆ ಹೇಳುವವಳ ಹಾಗೆ ಬಾಯಿ ತೆರೆದಳು. “ಏನೂ ಇಲ್ಲಪ್ಪ, ನನ್ನ...” ಎಂಬಷ್ಟು ಕೇಳಿಸಿತು. ಆಮೇಲೆ ಕುಂಯ್ ಎಂಬ ಸದ್ದು. ಅಮ್ಮನ ತುಟಿ ಆಡುತ್ತಲೇ ಇತ್ತು, ಸದ್ದು ನಿಲ್ಲದೆ ಬರುತ್ತಲೇ ಇತ್ತು. ನಡೆಸಿಕೊಡುವವನ ಮುಖದ ನಗು ಅಂಟಿಸಿದ ಹಾಗೆ ಉಳಿಯಿತು. ಪರದೆಯ ಮೇಲೆ ಸೋಪಿನ ಜಾಹೀರಾತು ಬಂತು.

ಹತ್ತು ಗಂಟೆಯೊಳಗೆ ತಾಯಿ ಮನೆಗೆ ಬಂದಳು. ಮಗಳು, “ಏನಂದೆ?” ಎಂದು ಕೇಳಿದಳು.

“ಕೇಳಿಸ್ಲಿಲ್ವಾ?”

“ಸದ್ದು ಹಾಕಿದ್ರು.”

ತಾಯಿ ಗಾಲಿಕುರ್ಚಿಯ ಹಿಡಿಯನ್ನು ಬಿಡದೆ ನಿಂತಳು. “ಏನೂ ಇಲ್ಲಪ್ಪ, ನನ್ನನ್ನೇ ಕರೀತಿದಾರೆ ಅಂದೆ. ಮೂವತ್ತೆಂಟು ವರ್ಷದಿಂದ ಹಾಗೇ ಕರೀತಾರೆ, ಕಾಯಿಲೆಗೂ ಇದಕ್ಕೂ ಸಂಬಂಧ ಇಲ್ಲ, ವಾರ್ತೆ ಓದಿ ಬಂದು ಬೂಟು ಬಿಚ್ಚುವಾಗಲೇ ಶುರುವಾಗ್ತಿತ್ತು ಅಂದೆ. ಅಷ್ಟೇ. ಒಂದು ಕೆಟ್ಟ ಪದ ಇಲ್ಲ ಕಣೇ ಅದರಲ್ಲಿ.”

ಅವರು ಇಬ್ಬರ ಮುಖವನ್ನೂ ನೋಡುತ್ತಿದ್ದರು. ಅವರಿಗೆ ಎಲ್ಲ ಅರ್ಥವಾಗುತ್ತಿತ್ತು.

ಮಾರನೆಯ ದಿನ ಆ ದೃಶ್ಯವನ್ನು ಟಿ.ವಿ.ಯಲ್ಲಿ ಗಂಟೆಗೊಮ್ಮೆ ತೋರಿಸಿದರು. ಅವರ ಪದ ಸ್ಪಷ್ಟವಾಗಿ ಇತ್ತು, ಕೆಳಗೆ ಬರಹದಲ್ಲೂ ಹಾಕಿದ್ದರು. ಆಕೆ ಬಾಯಿ ತೆರೆಯುವುದಕ್ಕೆ ಮೊದಲು ಕತ್ತರಿಸಿದ್ದರು. ಸ್ಟುಡಿಯೋದಲ್ಲಿ ಕೂತಿದ್ದ ಐವತ್ತು ಜನರಿಗೆ ಕೇಳಿಸಿತ್ತಲ್ಲ, ಅವರಲ್ಲಿ ಯಾರೋ ಅದನ್ನು ಬರೆದರು. ಅದು ಹರಡಿತು. ಮನೆಗೆ ಪತ್ರಗಳು ಬಂದವು. ಅರ್ಧ ಅವರ ಆರೋಗ್ಯಕ್ಕೆ ಹಾರೈಸಿ, ಅರ್ಧ ಆಕೆಯನ್ನು ಉಗಿದು. ನಾಲಿಗೆಯಿಲ್ಲದ ಗಂಡನನ್ನು ನಾಡಿನ ಮುಂದೆ ನಿಲ್ಲಿಸಿ ಮಾನ ಕಳೆದವಳು, ಎಂದು ಒಂದು. ನಿಮ್ಮಂಥ ಹೆಂಡತಿಯನ್ನು ಅವರು ಹಾಗೆ ಕರೆದಿದ್ದರೂ ತಪ್ಪಿಲ್ಲ, ಎಂದು ಇನ್ನೊಂದು, ಮುತ್ತಿನಂಥ ಅಕ್ಷರದಲ್ಲಿ. ತರಕಾರಿ ಅಂಗಡಿಯವನು ಅವಳಿಗೆ ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲ.

ಮುಖ್ಯಸ್ಥೆ ಫೋನು ಮಾಡಿದಳು. ವೀಕ್ಷಕರ ಮತ ಬಂದಿತ್ತಂತೆ. ನೂರಕ್ಕೆ ಎಪ್ಪತ್ತು ಜನ, ಇನ್ನು ಪಟ್ಟಿ ಬೇಡ ಎಂದಿದ್ದರಂತೆ. “ಗುರುಗಳ ಬಾಯಿಂದ ಕೇಳಿದ ಮೇಲೆ ಜನಕ್ಕೆ ಆ ಪದಗಳ ಮೇಲಿದ್ದ ಹೇಸಿಗೆಯೇ ಹೋಯ್ತು ಅಮ್ಮಾ. ಒಂಥರಾ ಅವರಿಂದಲೇ ಆದ ಹಾಗಾಯ್ತು.”

“ನನ್ನ ಮಾತು ಯಾಕೆ ಮುಚ್ಚಿದ್ರಿ?”

“ಅದು ಖಾಸಗಿ ವಿಷಯ ಅಲ್ವಾ? ಅವರ ಮರ್ಯಾದೆ ಪ್ರಶ್ನೆ. ಉತ್ತರ ಕೊಡೋ ಸ್ಥಿತೀಲಿ ಇಲ್ಲದೋರ ಮೇಲೆ ಆಪಾದನೆ ಬಂದ್ರೆ ನಾವು ಹಾಕೋ ಹಾಗಿಲ್ಲ. ನಿಯಮ ಇದೆ.”

“ಅಷ್ಟು ವರ್ಷ ನಾನೂ ಉತ್ತರ ಕೊಡೋ ಸ್ಥಿತೀಲಿ ಇರ್ಲಿಲ್ಲಮ್ಮ,” ಎಂದಳು ಆಕೆ. “ಆಗ ಯಾವ ನಿಯಮ ಇತ್ತು?”

ಮುಖ್ಯಸ್ಥೆ ತಗ್ಗಿದ ದನಿಯಲ್ಲಿ, “ನಾನು ನಿಮ್ಮನ್ನ ನಂಬ್ತೀನಿ ಅಮ್ಮಾ. ಆಫೀಸಲ್ಲಿ ನಾನೂ ಒಂದೆರಡು ಸಲ ಕೇಳಿದ್ದೆ, ಬಾಗಿಲು ಹಾಕ್ಕೊಂಡಾಗ. ಆದ್ರೆ ಇದನ್ನ ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡಿ,” ಎಂದು ಫೋನಿಟ್ಟಳು.

ಇದನ್ನು ಹೇಳಿದಾಗ ಮಗಳು ಸಿಡಿದುಬಿದ್ದಳು. ಸಿಟ್ಟು ಮುಖ್ಯಸ್ಥೆಯ ಮೇಲೆ ಹೋಗದೆ ಅಮ್ಮನ ಮೇಲೆ ಬಂತು. “ಈಗ ಊರಿಗೆಲ್ಲ ಹೇಳೋ ಧೈರ್ಯ ಬಂತಲ್ಲ, ಅವತ್ತೆಲ್ಲಿ ಹೋಗಿತ್ತು? ನಾನು ಹತ್ತು ವರ್ಷದೋಳು, ಕುಶನ್ನು ತಲೆ ಮೇಲೆ ಹಾಕ್ಕೊಂಡು ಮಲಗ್ತಿದ್ದೆ. ನನ್ನ ಕರ್ಕೊಂಡು ಯಾಕೆ ಹೊರಟು ಹೋಗ್ಲಿಲ್ಲ ನೀನು? ಕೈಲಿ ಕೆಲಸ ಇತ್ತು. ಮೆಷಿನ್ ಎತ್ಕೊಂಡು ಎಲ್ಲಾದ್ರೂ ಹೋಗಬಹುದಿತ್ತು.”

ತಾಯಿ ಸುಳ್ಳು ಹೇಳಬಹುದಿತ್ತು, ನಿನಗೋಸ್ಕರ ಸಹಿಸಿಕೊಂಡೆ ಎನ್ನಬಹುದಿತ್ತು. ಮಗಳು ಅದನ್ನೇ ನಿರೀಕ್ಷಿಸಿ, ಅದಕ್ಕೆ ಕೊಡುವ ಉತ್ತರವನ್ನೂ ನಾಲಿಗೆಯ ತುದಿಯಲ್ಲಿಟ್ಟುಕೊಂಡಿದ್ದಳು.

“ಬಸ್ಸಲ್ಲಿ ಜನ ಎದ್ದು ಸೀಟು ಬಿಡೋರು,” ಎಂದಳು ತಾಯಿ. “ಅಂಗಡೀಲಿ ಮೊದಲು ನನಗೇ ಕೊಡೋರು. ಎಂಟು ಗಂಟೆಯೋರ ಹೆಂಡತಿ ಅಂತ. ಅದು ನನಗೂ ಬೇಕಾಗಿತ್ತು ಕಣೇ. ಮನೇಲಿ ಒಂದು ಹೆಸರು, ಹೊರಗೆ ಒಂದು ಹೆಸರು. ಹೊರಗಿನದಕ್ಕೋಸ್ಕರ ಒಳಗಿಂದು ನುಂಗ್ತಿದ್ದೆ.”

ಮಗಳು ಚೀಲ ಎತ್ತಿಕೊಂಡು ಹೊರಟುಹೋದಳು. ಎರಡು ತಿಂಗಳು ಬರಲಿಲ್ಲ. ಬಂದ ಮೇಲೂ ಆ ಮಾತನ್ನು ಇಬ್ಬರೂ ಎತ್ತಲಿಲ್ಲ. ಅಪ್ಪನಿಗೆ ಹೊಸ ಕನ್ನಡಕ ಮಾಡಿಸಿ ತಂದಿದ್ದಳು, ಹಾಕಿ ಹೋದಳು.

ಮಾತು ಕಲಿಸುವ ಡಾಕ್ಟರು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಳು. ಒಂದು ದಿನ, “ಮೊದಲು ನಿಮ್ಮ ಹೆಸರು ಹೇಳಿಸೋಣ ಅಮ್ಮಾ. ಹತ್ತಿರದವರ ಹೆಸರು ಬೇಗ ಬರುತ್ತೆ,” ಎಂದಳು.

“ನನ್ನ ಹೆಸರು ಬೇಡ,” ಎಂದಳು ಆಕೆ. “ಅದನ್ನ ಹಾಗೇ ಬಿಡಿ. ‘ಅನ್ನ’ ಕಲಿಸಿ, ‘ನೋವು’ ಕಲಿಸಿ. ಉಪಯೋಗಕ್ಕೆ ಬರುತ್ತೆ.”

ಚಳಿ ಮುಗಿಯುವ ಹೊತ್ತಿಗೆ ಅವರನ್ನು ಹಗಲು ನೋಡಿಕೊಳ್ಳಲು ಒಬ್ಬ ಗಂಡು ನರ್ಸನ್ನು ಗೊತ್ತುಮಾಡಿ, ಆಕೆ ಪರದೆ ಹೊಲಿಯುವ ಒಂದು ಕಾರ್ಖಾನೆಗೆ ಕೆಲಸಕ್ಕೆ ಸೇರಿದಳು. ಎರಡು ಸಾಲು ಮೆಷಿನ್ನು, ಹನ್ನೆರಡು ಹೆಂಗಸರು, ಮೇಲೆ ದೊಡ್ಡ ಫ್ಯಾನು. ಅಲ್ಲಿ ಎಲ್ಲರ ಬಾಯೂ ಸಲೀಸು. ಸೂಜಿ ಮುರಿದರೆ ಸೂಜಿಗೆ ಬೈಯುವರು, ದಾರ ತುಂಡಾದರೆ ದಾರದ ವಂಶಕ್ಕೆ. ಎಲ್ಲರಿಗಿಂತ ಮುಂದು ಪರದೆಗೆ ಉಂಗುರ ಕೂರಿಸುವವಳು, ದಪ್ಪ ಕೈಗಳ ನಗುಮುಖದ ಹೆಂಗಸು. ಅವಳಿಗೆ ಪ್ರೀತಿ ಬಂದರೂ ಬೈಗುಳ, ಹಸಿವಾದರೂ ಬೈಗುಳ.

ಒಂದು ಮಧ್ಯಾಹ್ನ ಅವಳು ಮೇಜಿನಾಚೆಯಿಂದ, “ಏ ಮುಂಡೆ, ಆ ಕತ್ತರಿ ಈ ಕಡೆ ತಳ್ಳೇ,” ಎಂದಳು.

ಆಕೆಯ ಕಾಲು ಪೆಡಲಿನ ಮೇಲೆ ನಿಂತುಹೋಯಿತು. ಎದ್ದು ನಿಂತಳು. “ನನ್ನನ್ನ ಹಾಗನ್ಬೇಡ.”

“ಅಯ್ಯೋ, ಪ್ರೀತಿಗೆ ಅಂದದ್ದು ಕಣೇ. ದಿನಾ ಎಲ್ಲರಿಗೂ ಅಂತೀನಲ್ಲ.”

“ಗೊತ್ತು. ಆದ್ರೂ ಬೇಡ.”

ಯಾಕೆಂದು ಕೇಳಿದರು. ಆಕೆ ಹೇಳಿದಳು, ನಿಂತುಕೊಂಡೇ, ಮೊದಲಿನಿಂದ ಕೊನೆಯವರೆಗೆ. ಮೆಷಿನ್ನುಗಳು ಒಂದೊಂದಾಗಿ ನಿಂತವು. ಅವಳು ಯಾರ ಹೆಂಡತಿಯೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಯಾರೂ ಗಲ್ಲದ ಮೇಲೆ ಕೈಯಿಟ್ಟುಕೊಳ್ಳಲಿಲ್ಲ, ಕಾಯಿಲೆಯ ಮಾತು ಎತ್ತಲಿಲ್ಲ.

“ಹೊಡೀತಿದ್ರಾ?” ಎಂದಳೊಬ್ಬಳು.

“ಇಲ್ಲ.”

“ನಮ್ಮೋನು ಬಾಯೂ ಬಿಡ್ತಿದ್ದ, ಕೈಯೂ ಬಿಡ್ತಿದ್ದ.”

“ನಮ್ಮನೇಲಿ ಬೆಳಿಗ್ಗೆ ಆರಕ್ಕೇ ಶುರು,” ಎಂದಳು ಅಂಚು ಮಡಿಸುವವಳು, ಹಲ್ಲಿನಲ್ಲಿ ದಾರ ಕಡಿಯುತ್ತ. “ನಿಮ್ಮೋರು ವಾರ್ತೆ ಮುಗಿಸ್ಕೊಂಡಾದ್ರೂ ಬರ್ತಿದ್ರು.”

ಎಲ್ಲರೂ ನಕ್ಕರು. ಆಕೆಗೂ ನಗು ಬಂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಯಾರೂ ನಂಬುವುದಿಲ್ಲವೆಂದು ಮೂವತ್ತೆಂಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದ ಮಾತು. ಇಲ್ಲಿ ನಂಬುವುದಕ್ಕೆ ಇವರಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಅದರಿಂದ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಇಷ್ಟು ಸುಲಭವಾಗಿ ನಂಬಬಲ್ಲವರಿಗೆ ಅದು ಸುದ್ದಿಯೇ ಆಗಿರಲಿಲ್ಲ. ಅರ್ಧ ನಿಮಿಷ ನಕ್ಕು, ಒಬ್ಬೊಬ್ಬರಾಗಿ ತಮ್ಮತಮ್ಮ ಬಟ್ಟೆಯ ಮೇಲೆ ಬಗ್ಗಿದರು.

ಉಂಗುರದವಳು ತಾನೇ ಎದ್ದು ಬಂದು ಕತ್ತರಿ ತೆಗೆದುಕೊಂಡು ಹೋದಳು. ಅಂದಿನಿಂದ ಅವಳು ಆಕೆಯೊಬ್ಬಳನ್ನು ‘ಅಕ್ಕ’ ಎಂದು ಕರೆಯತೊಡಗಿದಳು. ಮಿಕ್ಕ ಹತ್ತು ಮಂದಿಯನ್ನು ಮೊದಲಿನ ಹಾಗೆಯೇ ಕರೆದು ಅವರೊಡನೆ ನಗುತ್ತಿದ್ದಳು. ಊಟದ ಹೊತ್ತಿನಲ್ಲಿ ಅವರ ಮಾತು ಜೋರಾಗಿ ನಡೆಯುತ್ತಿರುವಾಗ ಅಕ್ಕ ಬಂದು ಕೂತರೆ, ಎಲ್ಲರೂ ಒಂದು ಕ್ಷಣ ನಾಲಿಗೆ ಕಚ್ಚಿಕೊಂಡು ಸುಮ್ಮನಾಗುತ್ತಿದ್ದರು.